ಬೀಳಲೊಲ್ಲದ ತೆಂಗಿನಕಾಯಿ: ಬೊಂಬೆಗಳ ಚಲನಚಿತ್ರದಲ್ಲಿ ಭೌತವಿಜ್ಞಾನ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ನೀವು ನೋಡಿರಬಹುದು. ಹೊರಗೋಡೆಯ ತಳಪಟ್ಟಿಯಲ್ಲಿ ಆನೆಗಳ ಸಾಲು ಇದೆ. ಒಂದರ ಹಿಂದೆ ಒಂದು, ಒಂದೊಂದರ ನಿಲುವೂ ಬೇರೆ ಬೇರೆ. ಒಂದರ ಕಾಲು ಮುಂದಿದ್ದರೆ ಇನ್ನೊಂದರ ಸೊಂಡಿಲು ಮಡಿಚಿದೆ. ಸಾಲಿನ ಪಕ್ಕದಲ್ಲಿ ನೀವು ಬೇಗ ಬೇಗ ನಡೆದುಹೋದರೆ ಆನೆಗಳು ಒಂದಾದ ಮೇಲೊಂದು ಕಣ್ಣ ಮುಂದೆ ಹಾದುಹೋಗುತ್ತವೆ. ಚಲನಚಿತ್ರದ ಸುರುಳಿಯಲ್ಲೂ ಚಿತ್ರಗಳು ಹೀಗೆಯೇ ಸಾಲಾಗಿರುತ್ತವೆ. ಹಾಗಿದ್ದರೂ ಗೋಡೆಯ ಮೇಲಿನ ಆನೆ ನಡೆಯುವುದಿಲ್ಲ, ತೆರೆಯ ಮೇಲಿನ ಆನೆ ನಡೆಯುತ್ತದೆ. ಇದಕ್ಕೆ ಕಾರಣವೇನು?

ಈ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು ಹಾರನಹಳ್ಳಿಯಲ್ಲಿ ನಡೆದ ಒಂದು ಪುಟ್ಟ ರಜಾ ಶಿಬಿರದಲ್ಲಿ. ಅರಸೀಕೆರೆಯಿಂದ ಹಾಸನದ ಕಡೆಗೆ ಸುಮಾರು 8 ಕಿ.ಮೀ. ದೂರದಲ್ಲಿರುವ ಈ ಊರಿನಲ್ಲಿ 13ನೆಯ ಶತಮಾನದ ಎರಡು ಹೊಯ್ಸಳ ದೇವಾಲಯಗಳಿವೆ: ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ. ಸುತ್ತಲೂ ತೆಂಗಿನ ತೋಟಗಳು. ಶಿಬಿರಕ್ಕೆ ಬಂದ ಮಕ್ಕಳ ಬಳಿ ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ವೀರಬೊಂಬೆಗಳಿದ್ದವು. 'ಆ್ಯಕ್ಷನ್ ಫಿಗರ್' ಎನ್ನುತ್ತಾರಲ್ಲ, ಕೈಕಾಲು ಮಡಿಚಬಹುದಾದವು. ಜೊತೆಗೆ ಒಂದು ಮೊಬೈಲ್ ಫೋನು. ಇಷ್ಟನ್ನೇ ಇಟ್ಟುಕೊಂಡು ಅರ್ಧ ನಿಮಿಷದ ಒಂದು ಚಿತ್ರ ಮಾಡುವುದು ನಮ್ಮ ಗುರಿಯಾಗಿತ್ತು. ಕತೆ ಮಕ್ಕಳದ್ದೇ: ವೀರ ನಡೆದು ಬರುತ್ತಾನೆ, ತೆಂಗಿನ ಮರದ ಕೆಳಗೆ ನಿಲ್ಲುತ್ತಾನೆ, ಕಾಯಿ ಬೀಳುತ್ತದೆ, ವೀರ ಹಾರಿ ತಪ್ಪಿಸಿಕೊಳ್ಳುತ್ತಾನೆ.

ನಿಂತ ಚಿತ್ರ ಚಲಿಸುವುದು ಹೇಗೆ?

'ಸ್ಟಾಪ್ ಮೋಷನ್' ಎಂಬ ವಿಧಾನ ಬಹಳ ಸರಳ. ಬೊಂಬೆಯನ್ನು ಇಟ್ಟು ಒಂದು ಸ್ಥಿರಚಿತ್ರ ತೆಗೆಯಬೇಕು. ಬೊಂಬೆಯನ್ನು ತುಸುವೇ ಸರಿಸಿ ಇನ್ನೊಂದು ಚಿತ್ರ ತೆಗೆಯಬೇಕು. ಹೀಗೆ ತೆಗೆದ ಚಿತ್ರಗಳನ್ನು ಸೆಕೆಂಡಿಗೆ 12ರಂತೆ ತೋರಿಸಿದರೆ ಬೊಂಬೆಗೆ ಜೀವ ಬಂದಂತೆ ಕಾಣುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಇರುವುದು ವಾಡಿಕೆ. ಪ್ರತಿ ಚಿತ್ರವನ್ನೂ ಎರಡೆರಡು ಬಾರಿ ತೋರಿಸಿದರೆ 12 ಸಾಕು. ಆದರೂ ಒಂದು ನಿಮಿಷಕ್ಕೆ 720 ಚಿತ್ರಗಳು ಬೇಕು!

ಭಾರತದಲ್ಲಿ ಈ ವಿಧಾನಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ದಾದಾಸಾಹೇಬ್ ಫಾಲ್ಕೆ ತಮ್ಮ ಮೊದಲ ಕಥಾಚಿತ್ರಕ್ಕೆ ಹಣ ಹೊಂದಿಸಲು ಬಟಾಣಿ ಗಿಡ ಮೊಳೆತು ಬೆಳೆಯುವುದನ್ನು ದಿನದಿನವೂ ಒಂದೊಂದೇ ಚಿತ್ರವಾಗಿ ಸೆರೆಹಿಡಿದು ತೋರಿಸಿದರು. 1915ರಲ್ಲಿ ಬೆಂಕಿಕಡ್ಡಿಗಳನ್ನು ಸರಿಸಿ ಸರಿಸಿ 'ಆಗಕಾಡ್ಯಾಂಚಿ ಮೌಜ್' ಎಂಬ ಕಿರುಚಿತ್ರವನ್ನೂ ಮಾಡಿದರು. 1933ರ 'ಕಿಂಗ್ ಕಾಂಗ್' ಚಿತ್ರದ ದೈತ್ಯ ವಾನರ, ಹೆಚ್ಚಿನ ದೃಶ್ಯಗಳಲ್ಲಿ, ಸುಮಾರು 45 ಸೆಂ.ಮೀ. ಎತ್ತರದ ಬೊಂಬೆ ಮಾತ್ರ.

ಚಲನೆ ಕಾಣುವುದಕ್ಕೆ ಕಾರಣ 'ದೃಷ್ಟಿ ನಿರಂತರತೆ' ಎಂದು ಅನೇಕ ಪುಸ್ತಕಗಳಲ್ಲಿ ಓದಿರುತ್ತೀರಿ. ಬಿಂಬವು ಅಕ್ಷಿಪಟಲದ ಮೇಲೆ ಸೆಕೆಂಡಿನ ಸುಮಾರು ಹದಿನಾರನೆಯ ಒಂದು ಭಾಗದಷ್ಟು ಕಾಲ ಉಳಿಯುತ್ತದೆ, ಅಷ್ಟರಲ್ಲಿ ಮುಂದಿನದು ಬಂದು ಸೇರುತ್ತದೆ ಎಂಬ ವಿವರಣೆ ಅದು. ನಾನೂ ಅದನ್ನೇ ಪಾಠ ಮಾಡುತ್ತಿದ್ದೆ. ಆದರೆ ಸ್ವಲ್ಪ ಯೋಚಿಸಿ. ಹಳೆಯ ಬಿಂಬ ಉಳಿದಿರುವಾಗಲೇ ಹೊಸದು ಬಂದರೆ ನಮಗೆ ಕಾಣಬೇಕಾದದ್ದು ಒಂದರ ಮೇಲೊಂದು ಬಿದ್ದ ಎರಡು ಬೊಂಬೆಗಳೇ ಹೊರತು ನಡೆಯುವ ಬೊಂಬೆಯಲ್ಲ. ಬೆಳಕು ಮಿಣುಕದೆ ಒಂದೇ ಸಮನೆ ಕಾಣುವುದನ್ನು ಈ ವಿವರಣೆ ಅರ್ಥಮಾಡಿಸುತ್ತದೆ, ಚಲನೆಯನ್ನಲ್ಲ.

ಚಲನೆ ಹುಟ್ಟುವುದು ಮಿದುಳಿನಲ್ಲಿ. 1912ರಲ್ಲಿ ಮ್ಯಾಕ್ಸ್ ವರ್ತೈಮರ್ ಎಂಬ ಮನೋವಿಜ್ಞಾನಿ ಅಕ್ಕಪಕ್ಕದ ಎರಡು ಗೆರೆಗಳನ್ನು ಒಂದಾದ ಮೇಲೊಂದು ತೋರಿಸುವ ಪ್ರಯೋಗಗಳನ್ನು ಪ್ರಕಟಿಸಿದ. ನಡುವಿನ ಅವಧಿ ಸುಮಾರು 0.2 ಸೆಕೆಂಡು ಇದ್ದಾಗ, ಒಂದು ಆರಿ ಇನ್ನೊಂದು ಹೊತ್ತಿದಂತೆ ಕಂಡಿತು. ಸುಮಾರು 0.03 ಸೆಕೆಂಡು ಇದ್ದಾಗ ಎರಡೂ ಒಟ್ಟಿಗೆ ಹೊತ್ತಿದಂತೆ ಕಂಡಿತು. ಇವೆರಡರ ನಡುವೆ, 0.06 ಸೆಕೆಂಡಿನ ಆಸುಪಾಸಿನಲ್ಲಿ, ಒಂದೇ ಗೆರೆ ಅಲ್ಲಿಂದ ಇಲ್ಲಿಗೆ ಸರಿದಂತೆ ಕಂಡಿತು. ಇದನ್ನು 'ತೋರಿಕೆಯ ಚಲನೆ' ಎನ್ನಬಹುದು. ಒಂದು ವಸ್ತು ಇಲ್ಲಿ ಕಾಣದಾಗಿ, ಸ್ವಲ್ಪವೇ ಹೊತ್ತಿನಲ್ಲಿ ಅಂಥದ್ದೇ ವಸ್ತು ಹತ್ತಿರದಲ್ಲೇ ಕಂಡರೆ, ಮಿದುಳು ಅವೆರಡನ್ನೂ ಒಂದೇ ಎಂದು ಭಾವಿಸಿ ನಡುವಿನ ಚಲನೆಯನ್ನು ತಾನೇ ತುಂಬಿಕೊಳ್ಳುತ್ತದೆ.

ಈಗ ಆನೆಗಳ ಬಳಿಗೆ ಹಿಂತಿರುಗೋಣ. ನೀವು ನಡೆಯುವಾಗ ಗೋಡೆಯ ಬಿಂಬವು ಕಣ್ಣಿನ ಮೇಲೆ ತಡೆಯಿಲ್ಲದೆ ಜಾರುತ್ತಿರುತ್ತದೆ. ಒಂದು ಆನೆ ಇದ್ದ ಜಾಗದಲ್ಲೇ ಇನ್ನೊಂದು ಆನೆ ತಟ್ಟನೆ ಬಂದು ನಿಲ್ಲುವುದಿಲ್ಲ. ಪ್ರತಿ ಚಿತ್ರವೂ ಒಂದೇ ಜಾಗದಲ್ಲಿ, ಕ್ಷಣಕಾಲ ನಿಂತು, ಮರೆಯಾಗಿ, ಮುಂದಿನದಕ್ಕೆ ಎಡೆಕೊಡಬೇಕು. 1832ರಲ್ಲಿ ಬೆಲ್ಜಿಯಮ್ಮಿನ ಭೌತವಿಜ್ಞಾನಿ ಜೋಸೆಫ್ ಪ್ಲೇಟೊ ರಚಿಸಿದ ತಿರುಗುವ ಬಿಲ್ಲೆಯಲ್ಲಿ ಈ ಕೆಲಸವನ್ನು ಕಿರಿದಾದ ಸೀಳುಗಳು ಮಾಡಿದವು. ಅಷ್ಟೇ ಅಲ್ಲ, ಶಿಲ್ಪಿ ಆನೆಗಳನ್ನು ಕೆತ್ತಿದ್ದು ಅಲಂಕಾರಕ್ಕೆ. ಒಂದರ ಹೆಜ್ಜೆಯನ್ನು ಮುಂದಿನದು ಮುಂದುವರಿಸುವುದಿಲ್ಲ. ಚಿತ್ರಗಳು ನಿಂತು ನಿಂತು ಬರಬೇಕು, ಅವುಗಳ ನಡುವಿನ ವ್ಯತ್ಯಾಸವೂ ಸರಿಯಾಗಿರಬೇಕು. ನಮ್ಮ ಶಿಬಿರದಲ್ಲಿ ಕಷ್ಟ ಎದುರಾದದ್ದು ಈ ಎರಡನೆಯದರಲ್ಲಿ.

ಮೊದಲ ಎರಡು ಸೋಲುಗಳು

ನಮ್ಮ ವೀರಬೊಂಬೆಯ ಎತ್ತರ 18 ಸೆಂ.ಮೀ. ಅವನು 180 ಸೆಂ.ಮೀ. ಎತ್ತರದ ಮನುಷ್ಯನೆಂದು ಭಾವಿಸಿದರೆ ನಮ್ಮ ಲೋಕದ ಅಳತೆ ಹತ್ತನೆಯ ಒಂದು. ಹಾಗಾಗಿ 10 ಮೀಟರ್ ತೆಂಗಿನ ಮರಕ್ಕೆ ಬದಲಾಗಿ ಹಳೆಯ ಪತ್ರಿಕೆ ಸುತ್ತಿ 1 ಮೀಟರ್ ಉದ್ದದ ಮರ ಮಾಡಿದೆವು. ಕಾಯಿಯನ್ನು ಗಾಳಿಯಲ್ಲಿ ನಿಲ್ಲಿಸುವುದು ಕಷ್ಟವಾದ್ದರಿಂದ ಮರವನ್ನು ನೆಲದ ಮೇಲೆ ಹಾಸಿದ ನೀಲಿ ಕಾಗದದ ಮೇಲೆ ಮಲಗಿಸಿದೆವು. ಎರಡು ಬೆಂಚುಗಳ ನಡುವೆ ಹಲಗೆ ಇಟ್ಟು, ಅದರ ಮೇಲೆ ಫೋನನ್ನು ಕೆಳಮುಖವಾಗಿ ಕೂರಿಸಿದೆವು. ಚಿತ್ರದಲ್ಲಿ ಮರ ನೆಟ್ಟಗೆ ನಿಂತಂತೆಯೇ ಕಾಣುತ್ತದೆ!

ಮಕ್ಕಳು ಪ್ರತಿ ಚಿತ್ರಕ್ಕೂ ಕಾಯಿಯನ್ನು 5 ಸೆಂ.ಮೀ. ಸರಿಸಿದರು. 20 ಚಿತ್ರಗಳಲ್ಲಿ ಕಾಯಿ ನೆಲ ಮುಟ್ಟಿತು. ಓಡಿಸಿ ನೋಡಿದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು, "ಸಾರ್, ಕಾಯಿ ಬೀಳ್ತಾ ಇಲ್ಲ. ಯಾರೋ ಹಗ್ಗ ಕಟ್ಟಿ ಇಳಿಸ್ತಾ ಇರೋ ಹಾಗಿದೆ" ಎಂದಳು.

ಅವಳ ಮಾತು ಸರಿಯಾಗಿತ್ತು. 20 ಚಿತ್ರಗಳೆಂದರೆ ಸುಮಾರು 1.7 ಸೆಕೆಂಡು. ನಿಜವಾದ ಕಾಯಿ 10 ಮೀಟರ್ ಬೀಳಲು ಸುಮಾರು 1.43 ಸೆಕೆಂಡು ಬೇಕು. ಒಟ್ಟು ಕಾಲದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ತಪ್ಪಿದ್ದುದು ಆ ದೂರವನ್ನು ಹಂಚಿದ ರೀತಿಯಲ್ಲಿ. ಸಮ ಕಾಲದಲ್ಲಿ ಸಮ ದೂರ ಎಂದರೆ ಏಕರೀತಿಯ ವೇಗ. ಬೀಳುವ ಕಾಯಿಗೆ ವೇಗೋತ್ಕರ್ಷವಿರುತ್ತದೆ. ಅಲ್ಲಿದ್ದ ದೊಡ್ಡ ಮಕ್ಕಳೆಲ್ಲ s = ut + ½at² ಸೂತ್ರವನ್ನು ಬಾಯಿಪಾಠ ಹೇಳಬಲ್ಲವರು. ಕಾಯಿಯನ್ನು ಸರಿಸುವಾಗ ಮಾತ್ರ ಆ ಸೂತ್ರ ಯಾರಿಗೂ ನೆನಪಾಗಲಿಲ್ಲ. ಹಲಗೆಯ ಪಕ್ಕದಲ್ಲೇ ನಿಂತಿದ್ದ ನನಗೂ ನೆನಪಾಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಸೂತ್ರ ಕಲಿಯದವಳ ಕಣ್ಣಿಗೆ ತಪ್ಪು ಮೊದಲು ಕಂಡಿತು.

ಒಬ್ಬ ಹುಡುಗ ಉಪಾಯ ಹೇಳಿದ: ಬೊಂಬೆಯ ಕಾಯಿಯನ್ನು 1 ಮೀಟರ್ ಎತ್ತರದಿಂದ ನಿಜವಾಗಿಯೇ ಬೀಳಿಸಿ, ಅದು ಹೇಗೆ ಬೀಳುತ್ತದೋ ಹಾಗೆಯೇ ಸರಿಸೋಣ. ಲೆಕ್ಕ ಹಾಕಿದೆವು. 1 ಮೀಟರ್ ಬೀಳಲು ಸುಮಾರು 0.45 ಸೆಕೆಂಡು, ಅಂದರೆ ಐದೇ ಚಿತ್ರಗಳು. ಹಾಗೆಯೇ ತೆಗೆದೆವು. ಈಗ ಕಾಯಿ ಬಿದ್ದಿತು, ಆದರೆ ಮೇಜಿನಿಂದ ಅಡಿಕೆ ಉರುಳಿ ಬಿದ್ದಂತೆ ಕಂಡಿತು. ಮರ ಆಟಿಕೆಯಾಯಿತು, ವೀರನೂ ಆಟಿಕೆಯಾದ.

ಚಿಕ್ಕ ಲೋಕದ ಗಡಿಯಾರ

ಇಲ್ಲಿ ನಡೆದದ್ದೇನು? ಬೀಳುವ ಕಾಲವು ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ: t = √(2h/g). ಎತ್ತರವನ್ನು ಹತ್ತರಲ್ಲಿ ಒಂದಕ್ಕೆ ಇಳಿಸಿದರೆ ಕಾಲ ಹತ್ತರಲ್ಲಿ ಒಂದಾಗುವುದಿಲ್ಲ. √10ರಿಂದ, ಅಂದರೆ ಸುಮಾರು 3.16ರಿಂದ ಭಾಗಿಸಿದಷ್ಟಾಗುತ್ತದೆ. ನಾವು ಮರವನ್ನು ಚಿಕ್ಕದು ಮಾಡಿದೆವು, ಆದರೆ ಭೂಮಿಯ ಗುರುತ್ವವನ್ನು ಚಿಕ್ಕದು ಮಾಡಲಾಗಲಿಲ್ಲ. ಆದ್ದರಿಂದ ಚಿಕ್ಕ ವಸ್ತುಗಳು ನಿಜವಾಗಿ ಬಿದ್ದಾಗ ಬಹಳ ಬೇಗ ಬೀಳುತ್ತವೆ. ನೋಡುವವನ ಕಣ್ಣು ಆ ಕಾಲವನ್ನೇ ಗುರುತಿಸಿ 'ಇದು ಚಿಕ್ಕದು' ಎಂದು ತೀರ್ಮಾನಿಸುತ್ತದೆ. ಸಿನಿಮಾದವರು ಚಿಕ್ಕ ಮಾದರಿ ಅಣೆಕಟ್ಟನ್ನು ಒಡೆದು ದೊಡ್ಡದೆಂದು ತೋರಿಸಬೇಕಾದಾಗ ಕ್ಯಾಮೆರಾವನ್ನು ವೇಗವಾಗಿ ಓಡಿಸುವುದು ಇದೇ ಕಾರಣಕ್ಕೆ. ಹತ್ತನೆಯ ಒಂದು ಅಳತೆಯ ಮಾದರಿಗೆ ಸೆಕೆಂಡಿಗೆ 24ರ ಬದಲು ಸುಮಾರು 76 ಚಿತ್ರಗಳನ್ನು ತೆಗೆದು, ನಂತರ 24ರಂತೆ ತೋರಿಸಬೇಕು.

ಸ್ಟಾಪ್ ಮೋಷನ್ ಮಾಡುವವರಿಗೆ ಒಂದು ಅನುಕೂಲವಿದೆ: ಅವರ ಲೋಕದಲ್ಲಿ ಗುರುತ್ವವೂ ಅವರ ಕೈಯಲ್ಲೇ. ಕಾಯಿ ನಿಜವಾದ 1.43 ಸೆಕೆಂಡನ್ನೇ ತೆಗೆದುಕೊಳ್ಳಲಿ, ದೂರ ಮಾತ್ರ ಹತ್ತರಲ್ಲಿ ಒಂದಾಗಲಿ. ಮೊದಲ ಚಿತ್ರದ ಕಾಲ 1/12 ಸೆಕೆಂಡು. ಅಷ್ಟರಲ್ಲಿ ನಿಜವಾದ ಕಾಯಿ ½ × 9.8 × (1/12)² = 0.034 ಮೀಟರ್, ಅಂದರೆ 3.4 ಸೆಂ.ಮೀ. ಬೀಳುತ್ತದೆ. ನಮ್ಮ ಮಾದರಿಯಲ್ಲಿ ಇದು 0.34 ಸೆಂ.ಮೀ. n ಚಿತ್ರಗಳ ನಂತರ ದೂರ 0.34 × n² ಸೆಂ.ಮೀ. ಲೆಕ್ಕ ಹೀಗಿದೆ:

ಚಿತ್ರ 1: 0.34 ಸೆಂ.ಮೀ.
ಚಿತ್ರ 2: 1.4 ಸೆಂ.ಮೀ.
ಚಿತ್ರ 4: 5.4 ಸೆಂ.ಮೀ.
ಚಿತ್ರ 6: 12.3 ಸೆಂ.ಮೀ.
ಚಿತ್ರ 8: 21.8 ಸೆಂ.ಮೀ.
ಚಿತ್ರ 10: 34.0 ಸೆಂ.ಮೀ.
ಚಿತ್ರ 12: 49.0 ಸೆಂ.ಮೀ.
ಚಿತ್ರ 14: 66.7 ಸೆಂ.ಮೀ.
ಚಿತ್ರ 16: 87.1 ಸೆಂ.ಮೀ.
ಚಿತ್ರ 17: 98.3 ಸೆಂ.ಮೀ.

ಹದಿನೆಂಟನೆಯ ಚಿತ್ರದಲ್ಲಿ ಕಾಯಿ ನೆಲದ ಮೇಲಿರುತ್ತದೆ. 12 ಚಿತ್ರಗಳಾದರೂ, ಅಂದರೆ ಒಂದು ಪೂರ್ತಿ ಸೆಕೆಂಡು ಕಳೆದರೂ, ಕಾಯಿ ಅರ್ಧ ದಾರಿಯಷ್ಟನ್ನೂ ಕ್ರಮಿಸಿಲ್ಲ ಎಂಬುದನ್ನು ಗಮನಿಸಿ. ಉಳಿದರ್ಧಕ್ಕೆ ಆರು ಚಿತ್ರಗಳೂ ಪೂರ್ತಿ ಬೇಕಿಲ್ಲ.

ಸೂತ್ರ ತಿಳಿಯದ ಚಿಕ್ಕ ಮಕ್ಕಳಿಗೆ ಇನ್ನೂ ಸುಲಭದ ದಾರಿಯಿದೆ. ಒಂದೊಂದು ಚಿತ್ರಕ್ಕೂ ಸರಿಸಬೇಕಾದ ದೂರಗಳು 1, 3, 5, 7, 9 ಎಂಬ ಬೆಸಸಂಖ್ಯೆಗಳ ಅನುಪಾತದಲ್ಲಿರುತ್ತವೆ. 1638ರ ತನ್ನ 'ಎರಡು ಹೊಸ ವಿಜ್ಞಾನಗಳು' ಗ್ರಂಥದಲ್ಲಿ ಗೆಲಿಲಿಯೋ ಕೊಟ್ಟಿರುವ ನಿಯಮವಿದು. 0.34 ಸೆಂ.ಮೀ.ನಷ್ಟು ಅಗಲದ ಗೆರೆಗಳಿರುವ ಕಾಗದದ ಪಟ್ಟಿಯನ್ನು ಮರದ ಪಕ್ಕ ಅಂಟಿಸಿಟ್ಟು, ಮೊದಲು ಒಂದು ಗೆರೆ, ನಂತರ ಮೂರು, ನಂತರ ಐದು ಎಂದು ಎಣಿಸಿದರೆ ಸಾಕು. ಪಟ್ಟಿಯು ಚಿತ್ರದ ಚೌಕಟ್ಟಿನ ಆಚೆಗಿರಲಿ.

ಮೂರನೆಯ ಬಾರಿ ಓಡಿಸಿದಾಗ ಕಾಯಿ ಬಿದ್ದಿತು. ಮುಂದೆ ಕುಳಿತಿದ್ದ ಇಬ್ಬರು ಮಕ್ಕಳು ತಲೆ ಬಗ್ಗಿಸಿದರು.

ಇಲ್ಲಿ ನಾವು ಗಾಳಿಯ ತಡೆಯನ್ನು ಬಿಟ್ಟಿದ್ದೇವೆ. ತೆಂಗಿನಕಾಯಿಯಂಥ ಭಾರವಾದ ವಸ್ತುವಿಗೆ ಈ ಎತ್ತರದಲ್ಲಿ ಅದು ಅಲ್ಪ. ಹಗುರವಾದ ಒಣ ಎಲೆಯಾದರೋ ಬಹು ಬೇಗ ಏಕರೀತಿಯ ವೇಗ ಪಡೆಯುತ್ತದೆ. ಆದ್ದರಿಂದ ಸಮ ದೂರ ಸರಿಸಿದ ನಮ್ಮ ಮೊದಲ ವಿಧಾನ ಕಾಯಿಗೆ ತಪ್ಪಾದರೂ ಎಲೆಗೆ ಹೆಚ್ಚುಕಡಿಮೆ ಸರಿಯೇ.

ವೀರನ ಕೈ ಏಕೆ ಜಾರಿತು?

ನಡೆಯುವ ದೃಶ್ಯಕ್ಕೆ ಬೊಂಬೆಯನ್ನು ಮೇಜಿನ ಮೇಲೆ ನಿಲ್ಲಿಸಿಯೇ ತೆಗೆಯಬೇಕಾಯಿತು. ಮನುಷ್ಯ ಅರ್ಧ ಸೆಕೆಂಡಿಗೆ ಒಂದು ಹೆಜ್ಜೆಯಂತೆ, ಹೆಜ್ಜೆಗೆ 70 ಸೆಂ.ಮೀ. ನಡೆಯುತ್ತಾನೆ ಎಂದಿಟ್ಟುಕೊಂಡರೆ ಬೊಂಬೆಗೆ ಹೆಜ್ಜೆಗೆ 7 ಸೆಂ.ಮೀ., ಆರು ಚಿತ್ರಗಳು. ಕಾಲುಗಳು ಅಗಲಿದಾಗ ಮೈ ತುಸು ತಗ್ಗುತ್ತದೆ, ಒಂದು ಕಾಲು ಇನ್ನೊಂದನ್ನು ದಾಟುವಾಗ ತುಸು ಏರುತ್ತದೆ. ಕನ್ನಡಿಯ ಮುಂದೆ ನಡೆದು ನಿಮ್ಮ ತಲೆಯನ್ನೇ ಗಮನಿಸಿ.

ಒಂದು ಕಾಲೆತ್ತಿದ ಕೂಡಲೇ ಬೊಂಬೆ ಬೀಳುತ್ತದೆ. ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬ ರೇಖೆ ಅಂಗಾಲಿನ ಒಳಗೇ ಬೀಳಬೇಕು. ಬೊಂಬೆಯ ಅಂಗಾಲೋ ಹೆಬ್ಬೆರಳಿನಷ್ಟು. ಅಂಗಾಲಿಗೆ ಬೆಚ್ಚಗೆ ಮಾಡಿದ ಜೇನುಮೇಣದ ಚೂರು ಅಂಟಿಸಿದರೆ ನಿಲ್ಲುತ್ತದೆ.

ಕೈ ಚಾಚಿ ನಿಲ್ಲಿಸಿದರೆ ಕೆಲವು ಬೊಂಬೆಗಳ ಕೈ ಮೆಲ್ಲನೆ ಇಳಿಯುತ್ತದೆ. 10 ಗ್ರಾಂ ತೂಕದ ಕೈಯ ಗುರುತ್ವಕೇಂದ್ರ ಭುಜದಿಂದ 3 ಸೆಂ.ಮೀ. ದೂರದಲ್ಲಿದ್ದರೆ, ಕೈ ಅಡ್ಡಡ್ಡವಾಗಿ ಚಾಚಿದಾಗ ಅದನ್ನು ತಿರುಗಿಸುವ ಟಾರ್ಕ್ 0.01 × 9.8 × 0.03, ಅಂದರೆ ಸುಮಾರು 0.003 ನ್ಯೂಟನ್-ಮೀಟರ್. ಕೀಲಿನ ಘರ್ಷಣೆ ಇದಕ್ಕಿಂತ ಹೆಚ್ಚಿರಬೇಕು. ಸಡಿಲವಾದ ಕೀಲಿಗೆ ಒಂದು ಹನಿ ಉಗುರುಬಣ್ಣ ಹಚ್ಚಿ ಪೂರ್ತಿ ಒಣಗಿಸಿದರೆ ಬಿಗಿಯಾಗುತ್ತದೆ. ಅದೇ ಬೊಂಬೆಯನ್ನು ಎರಡರಷ್ಟು ದೊಡ್ಡದಾಗಿ ಮಾಡಿದರೇನಾಗುತ್ತದೆ? ಕೈಯ ತೂಕ ಎಂಟು ಪಟ್ಟು, ಉದ್ದ ಎರಡು ಪಟ್ಟು, ಟಾರ್ಕ್ ಹದಿನಾರು ಪಟ್ಟು. ಕೀಲಿನಲ್ಲಿ ಒತ್ತಡ ಅಷ್ಟೇ ಇದ್ದರೆ, ಒತ್ತುವ ಬಲ ನಾಲ್ಕು ಪಟ್ಟು, ತ್ರಿಜ್ಯ ಎರಡು ಪಟ್ಟು, ಘರ್ಷಣೆಯ ಟಾರ್ಕ್ ಎಂಟೇ ಪಟ್ಟು. ದೊಡ್ಡ ಬೊಂಬೆ ಬೇಗ ಸೋಲುತ್ತದೆ. ದೊಡ್ಡ ಪ್ರಾಣಿಯ ಮೂಳೆ ಏಕೆ ಹೆಚ್ಚು ದಪ್ಪವಿರಬೇಕೆಂದು ಗೆಲಿಲಿಯೋ ವಿವರಿಸಿದ್ದು ಇದೇ ಬಗೆಯ ತರ್ಕದಿಂದ, ಅದೇ ಗ್ರಂಥದಲ್ಲಿ.

ಬೆಳಕಿನ ಪಾಠ

ನಡೆಯುವ ದೃಶ್ಯವನ್ನು ನಾನು ಕಿಟಕಿಯ ಪಕ್ಕದಲ್ಲಿ, ಒಳ್ಳೆಯ ಬೆಳಕಿದೆಯೆಂದು, ತೆಗೆಸಿದೆ. ಅದು ನನ್ನದೇ ತಪ್ಪು. ಐದು ಸೆಕೆಂಡಿನ ದೃಶ್ಯಕ್ಕೆ 60 ಚಿತ್ರಗಳು; ತೆಗೆಯಲು ಒಂದು ಗಂಟೆ ಹಿಡಿಯಿತು. ಒಂದು ಗಂಟೆಯಲ್ಲಿ ಭೂಮಿ 15 ಡಿಗ್ರಿ ತಿರುಗಿತ್ತು. ತೆರೆಯ ಮೇಲೆ ವೀರ ಐದು ಸೆಕೆಂಡು ನಡೆಯುವಷ್ಟರಲ್ಲಿ ಅವನ ನೆರಳು ಗಡಿಯಾರದ ಮುಳ್ಳಿನಂತೆ ಸುತ್ತಿತು. ಮೋಡ ಬಂದಾಗಲೆಲ್ಲ ಚಿತ್ರ ಮಿಂಚಿ ಮಂಕಾಯಿತು. ಇಡೀ ದೃಶ್ಯವನ್ನು ಮತ್ತೆ ತೆಗೆದೆವು.

ಆದ್ದರಿಂದ ಕಿಟಕಿ ಮುಚ್ಚಿ, ಎರಡು ದೀಪಗಳನ್ನು ಇಟ್ಟುಕೊಳ್ಳಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ. ಶಟರ್ ಕಾಲವನ್ನು 1/50 ಅಥವಾ 1/25 ಸೆಕೆಂಡಿಗೆ ಇಟ್ಟರೆ ಪ್ರತಿ ಚಿತ್ರಕ್ಕೂ ಪೂರ್ಣ ಸಂಖ್ಯೆಯ ಮಿಣುಕುಗಳು ಸಿಕ್ಕಿ ಬೆಳಕು ಸಮನಾಗಿರುತ್ತದೆ. ಫೋನಿನ ಬೆಳಕು, ಬಣ್ಣ ಮತ್ತು ಫೋಕಸ್ ತಾವಾಗಿ ಬದಲಾಗದಂತೆ ಸ್ಥಿರಗೊಳಿಸಿ. ಇನ್ನೊಂದು ಮಾತು: ಬಿಳಿ ಅಂಗಿ ತೊಟ್ಟವರು ಬೊಂಬೆಯ ಹತ್ತಿರ ನಿಂತರೆ ಅಂಗಿಯಿಂದ ಪ್ರತಿಫಲಿಸಿದ ಬೆಳಕು ಬೊಂಬೆಯ ಮೇಲೆ ಬೀಳುತ್ತದೆ, ಅವರು ಅತ್ತಿತ್ತ ಸರಿದಂತೆಲ್ಲ ಚಿತ್ರದ ಹೊಳಪು ಬದಲಾಗುತ್ತದೆ. ಸಮವಸ್ತ್ರ ಬಿಳಿಯದಾದರೆ ಮೇಲೊಂದು ಕಪ್ಪು ಶಾಲು ಹೊದೆಯಲಿ.

ಮಾಡಿ ನೋಡಿ

ಶಿಕ್ಷಕರಲ್ಲಿ ಒಂದು ವಿನಂತಿ. ಮೊದಲೇ ಕೋಷ್ಟಕ ಕೊಡಬೇಡಿ. ಮಕ್ಕಳು ತಮಗೆ ತೋಚಿದಂತೆ ಕಾಯಿಯನ್ನು ಸರಿಸಲಿ, ಅದು ಬೀಳದಿರಲಿ. "ಇದೇಕೆ ಬೀಳುತ್ತಿಲ್ಲ?" ಎಂದು ಅವರೇ ಕೇಳಿದ ಮೇಲೆ ಸೂತ್ರ ಬರಲಿ. ಕಣ್ಣಿಗೆ ಮೊದಲೇ ಗೊತ್ತಿದ್ದುದಕ್ಕೆ ಹೆಸರು ಕೊಡುವುದಷ್ಟೇ ಆಗ ಸೂತ್ರದ ಕೆಲಸ.

ವಿದ್ಯಾರ್ಥಿಗಳಿಗೆ ಎರಡು ಪ್ರಶ್ನೆಗಳು. ಮೊದಲನೆಯದು: ವೀರ ಕಲ್ಲನ್ನು ಅಡ್ಡಲಾಗಿ ಎಸೆಯುತ್ತಾನೆ. ಪ್ರತಿ ಚಿತ್ರಕ್ಕೆ ಅಡ್ಡ ದೂರವನ್ನು ಹೇಗೆ ಹಂಚುವಿರಿ, ಲಂಬ ದೂರವನ್ನು ಹೇಗೆ? ಎರಡನೆಯದು: ವೀರ 2.5 ಮೀಟರ್ ಉದ್ದದ ಹಗ್ಗದ ಜೋಕಾಲಿಯಲ್ಲಿ ತೂಗಬೇಕು. ನಿಮ್ಮ ಮಾದರಿಯ ಹಗ್ಗ 25 ಸೆಂ.ಮೀ. ಒಮ್ಮೆ ಹೋಗಿ ಬರಲು ಎಷ್ಟು ಚಿತ್ರಗಳು ಬೇಕು? 38 ಎಂದು ಬಂದರೆ ನಿಮ್ಮ ಲೆಕ್ಕ ಸರಿ. 12 ಎಂದು ಬಂದರೆ, ನೀವು ತೂಗಿದ್ದು ವೀರನನ್ನಲ್ಲ, ಆಟಿಕೆಯನ್ನು.